ಸೈಕಲ್ ಸ್ಟಾರ್ಟ್ ಗುಂಡಿಯ ಆಚೆಗೆ

ತಮಿಳುನಾಡಿನ ಗಡಿಯಲ್ಲಿರುವ ಹೊಸೂರು, ಬಾಗಲೂರು, ಕೆಲಮಂಗಲ, ಡೆಂಕಣಿಕೋಟೆ, ತಳಿ ಕಡೆಯ ಕನ್ನಡದ ಮನೆಗಳಲ್ಲಿ ರಾಗಿ ಹೊಲ, ರೇಷ್ಮೆ, ಗುಲಾಬಿ ತೋಟಗಳ ಜೊತೆಗೆ ಮನೆಯ ಒಬ್ಬರಾದರೂ ಕಂಪನಿ ಕೆಲಸಕ್ಕೆ ಹೋಗುವುದು ಈಗ ಸಾಮಾನ್ಯ ಸಂಗತಿ. ನಮ್ಮ ಸೀಮೆಯಲ್ಲಿ ಕಂಪನಿ ಕೆಲಸವೆಂದರೆ ಹೆಚ್ಚಿನವರ ಪಾಲಿಗೆ ಲೋಹ ಕಡೆಯುವ ಕೆಲಸವೇ: ಶಾಫ್ಟು, ಗೇರು, ಬುಷ್ಷು, ಫ್ಲ್ಯಾಂಜು, ಬೇರಿಂಗ್ ಹೌಸಿಂಗುಗಳನ್ನು ಲೇತ್ ಅಥವಾ ಮಿಲ್ಲಿಂಗ್ ಯಂತ್ರದಲ್ಲಿ ನಕ್ಷೆಯ ಅಳತೆಗೆ ತರುವ ಕೆಲಸ. ನಾನೂ ತಳಿ ಹತ್ತಿರದ ಊರಿನಿಂದ ಬಂದು ಐಟಿಐಯಲ್ಲಿ ಟರ್ನರ್ ಟ್ರೇಡ್ ಓದಿದವನು. ಹೆಲ್ಪರ್, ಆಪರೇಟರ್, ಸೆಟ್ಟರ್, ಪ್ರೋಗ್ರಾಮರ್ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಈಗ ಒಂದು ಸಣ್ಣ ವರ್ಕ್‌ಶಾಪಿನ ಉತ್ಪಾದನೆಯ ಹೊಣೆ ಹೊತ್ತಿದ್ದೇನೆ. ಈ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಎತ್ತರವಾದದ್ದು, ಯಂತ್ರ ಓಡಿಸುವ ಆಪರೇಟರಿನಿಂದ ಯಂತ್ರವನ್ನು ಹೊಸ ಕೆಲಸಕ್ಕೆ ಸಜ್ಜುಗೊಳಿಸುವ ಸೆಟ್ಟರಿಗೆ ಹೋಗುವ ಮೆಟ್ಟಿಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಮೊದಲ ನಾಲ್ಕೈದು ವರ್ಷಗಳಲ್ಲಿ ದಾಟಿದವರ ಬದುಕು ಒಂದು ದಾರಿ ಹಿಡಿಯುತ್ತದೆ, ದಾಟದವರ ಬದುಕು ಮತ್ತೊಂದು ದಾರಿ ಹಿಡಿಯುತ್ತದೆ. ನಮ್ಮ ಊರುಗಳ ಅನೇಕ ಹುಡುಗರು ಆ ಮೆಟ್ಟಿಲಿನ ಕೆಳಗೇ ನಿಂತುಬಿಡುತ್ತಿರುವುದನ್ನು ನೋಡಿ ಸಂಕಟವಾಗುತ್ತದೆ. ಆ ಕಾರಣಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಹೊಸೂರಿಗೆ ಈ ಕಸುಬು ಬಂದದ್ದು ಎರಡು ದಿಕ್ಕಿನಿಂದ. ತಮಿಳುನಾಡು ಸರ್ಕಾರದ ಸಿಪ್‌ಕಾಟ್ ಸಂಸ್ಥೆ 1970ರ ದಶಕದಲ್ಲಿ ಇಲ್ಲಿ ಕೈಗಾರಿಕಾ ವಸಾಹತನ್ನು ಬೆಳೆಸಿತು. 1980ರಲ್ಲಿ ಅಶೋಕ್ ಲೇಲ್ಯಾಂಡಿನ ಲಾರಿ ಕಾರ್ಖಾನೆಯೂ ಟಿವಿಎಸ್ ಮೊಪೆಡ್ಡಿನ ಉತ್ಪಾದನೆಯೂ ಶುರುವಾದವು, ಆ ದಶಕದಲ್ಲೇ ಟೈಟಾನ್ ಗಡಿಯಾರದ ಕಾರ್ಖಾನೆಯೂ ಬಂತು. ಈ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ಅವುಗಳ ಸುತ್ತ ಹುಟ್ಟಿಕೊಂಡವು. ಇನ್ನೊಂದು ದಿಕ್ಕು ಬೆಂಗಳೂರು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಆರಂಭವಾದ ಎಚ್‌ಎಂಟಿ, ಯಂತ್ರಗಳನ್ನು ತಯಾರಿಸಿದಂತೆಯೇ ಯಂತ್ರ ಬಲ್ಲ ಕೈಗಳನ್ನೂ ತಯಾರಿಸಿತು. ಅಲ್ಲಿ ಕಲಿತವರು ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಹೊಸೂರುಗಳ ಶೆಡ್ಡುಗಳಲ್ಲಿ ಮೇಸ್ತ್ರಿಗಳಾದರು. ನನಗೆ ಕೆಲಸ ಕಲಿಸಿದ ಮೇಸ್ತ್ರಿಯೂ ಎಚ್‌ಎಂಟಿಯ ಎನ್‌ಎಚ್ 22 ಲೇತಿನ ಮೇಲೆ ಕೈ ಪಳಗಿಸಿಕೊಂಡವರು. ಹ್ಯಾಂಡ್‌ವೀಲ್ ತಿರುಗಿಸುವಾಗ ಟೂಲು ಲೋಹವನ್ನು ಕಚ್ಚುವ ಬಿಗಿ ಅಂಗೈಗೆ ತಿಳಿಯುತ್ತದೆ, ಆ ಬಿಗಿಯಿಂದಲೇ ಟೂಲಿನ ಮೊನೆ ಸವೆದದ್ದು, ಜಾಬ್ (ಕಡೆಯುತ್ತಿರುವ ಬಿಡಿಭಾಗ) ಅದುರುತ್ತಿರುವುದು, ಬಾರ್ ಗಟ್ಟಿಯಿರುವುದು ಗೊತ್ತಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಆ ಸ್ಪರ್ಶ ಇಲ್ಲ. ಅದರ ಜಾಗದಲ್ಲಿ ಶಬ್ದ, ಚಿಪ್ಸಿನ (ಲೋಹದ ಸಿಪ್ಪೆಯ) ಬಣ್ಣ ಮತ್ತು ಆಕಾರ, ಯಂತ್ರದ ಮೇಲೆ ಬೀಳುವ ಭಾರ ತೋರಿಸುವ ಸ್ಪಿಂಡಲ್ ಲೋಡ್ ಮೀಟರ್ ಇವೆ. ಆದರೆ ಇವನ್ನು ಓದಲು ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಬೇಕಾಗುತ್ತದೆ.

ಆಪರೇಟರಿನ ಕೆಲಸ ಹೀಗಿರುತ್ತದೆ: ಬಾಗಿಲು ತೆಗೆದು ಮುಗಿದ ಜಾಬ್ ಇಳಿಸಬೇಕು, ಜಾಬನ್ನು ಹಿಡಿಯುವ ಚಕ್ಕಿನಲ್ಲಿ ಕೂತ ಚಿಪ್ಸ್ ತೆಗೆಯಬೇಕು, ಹೊಸ ಜಾಬ್ ಹಾಕಬೇಕು, ಪೆಡಲ್ ಒತ್ತಿ ಚಕ್ ಬಿಗಿಸಬೇಕು, ಬಾಗಿಲು ಹಾಕಿ, ಯಂತ್ರ ಕಡೆಯಲು ಶುರುಮಾಡುವ ಸೈಕಲ್ ಸ್ಟಾರ್ಟ್ ಗುಂಡಿ ಒತ್ತಬೇಕು. ಯಂತ್ರ ಕಡೆಯುವಷ್ಟರಲ್ಲಿ ಹಿಂದಿನ ಜಾಬಿನ ಅಂಚಿನ ಬರ್ (ಚೂಪು ಮುಳ್ಳು) ತೆಗೆದು, ಅಳತೆ ನೋಡಿ, ಶೀಟಿನಲ್ಲಿ ಬರೆಯಬೇಕು. ಇದು ಶ್ರದ್ಧೆ ಬೇಡುವ ಕೆಲಸವೇ, ಇದನ್ನು ಕೀಳಾಗಿ ಕಾಣುವವನು ನಾನಲ್ಲ. ಆದರೆ ಇದನ್ನು ಚುರುಕಾದ ಹುಡುಗನೊಬ್ಬ ಕೆಲವು ವಾರಗಳಲ್ಲಿ ಕಲಿಯಬಲ್ಲ, ಹಾಗಾಗಿ ಅವನ ಜಾಗಕ್ಕೆ ಇನ್ನೊಬ್ಬನೂ ಕೆಲವು ವಾರಗಳಲ್ಲಿ ಬರಬಲ್ಲ. ಸಂಬಳ ಏರದಿರುವುದಕ್ಕೆ ಮೂಲ ಕಾರಣ ಇಷ್ಟೇ.

ಸೆಟ್ಟರಿನ ಕೆಲಸ ಬೇರೆಯೇ ಆದ ತಿಳಿವಳಿಕೆಯನ್ನು ಬೇಡುತ್ತದೆ. ಸಾಫ್ಟ್ ಜಾ ಬೋರ್ ಮಾಡುವುದನ್ನೇ ತೆಗೆದುಕೊಳ್ಳೋಣ. ಹೊಸ ಜಾಬ್ ಬಂದಾಗ ಚಕ್ಕಿನ ಮೂರು ಮೆತ್ತನೆಯ ಜಾಗಳನ್ನು (ಜಾಬನ್ನು ಕಚ್ಚುವ ದವಡೆಗಳನ್ನು) ಆ ಜಾಬಿನ ವ್ಯಾಸಕ್ಕೇ ಕಡೆಯಬೇಕು. ಬರಿದಾದ ಚಕ್ಕಿನಲ್ಲಿ ಕಡೆದರೆ ಉಪಯೋಗವಿಲ್ಲ. ಜಾಗಳು ಬಿಗಿಯಲ್ಲಿದ್ದಾಗ ಇರುವ ಸ್ಥಾನಕ್ಕೂ ಸಡಿಲವಿದ್ದಾಗ ಇರುವ ಸ್ಥಾನಕ್ಕೂ ವ್ಯತ್ಯಾಸವಿರುತ್ತದೆ. ಅದಕ್ಕಾಗಿ ಒಳಗೆ ಒಂದು ಉಂಗುರವನ್ನು ಕಚ್ಚಿಸಿ, ನಾಳೆ ಜಾಬ್ ಹಿಡಿಯುವಾಗ ಎಷ್ಟು ಹೈಡ್ರಾಲಿಕ್ ಒತ್ತಡ ಇಡಬೇಕೋ ಅಷ್ಟೇ ಒತ್ತಡ ಇಟ್ಟು, ಬೋರಿಂಗ್ ಬಾರಿನಿಂದ ಸಣ್ಣ ಸಣ್ಣ ಕಟ್ ಕೊಡುತ್ತಾ ಬರಬೇಕು. ಜಾಬ್ ಹಿಂದಕ್ಕೆ ಒರಗುವ ಮುಖವನ್ನೂ ಅದೇ ಹಿಡಿತದಲ್ಲಿ ಕಡೆಯಬೇಕು, ಮೂಲೆಯಲ್ಲಿ ಒಂದು ಸಣ್ಣ ಅಂಡರ್‌ಕಟ್ ಬಿಡಬೇಕು. ಬಿಡದಿದ್ದರೆ ಅಲ್ಲಿ ಚಿಪ್ಸಿನ ತುಣುಕು ಸೇರಿ ಜಾಬ್ ಓರೆಯಾಗಿ ಕೂರುತ್ತದೆ. ಇಷ್ಟಾದ ಮೇಲೆ ಜಾಬ್ ಹಾಕಿ, ಅಲ್ಲಾಟ ಅಳೆಯುವ ಡಯಲ್ ಇಟ್ಟು ಕೈಯಲ್ಲಿ ತಿರುಗಿಸಿದಾಗ ಮುಳ್ಳು ಒಂದೆರಡು ಗೆರೆಗಿಂತ ಹೆಚ್ಚು ಅಲ್ಲಾಡದಿದ್ದರೆ ಸೆಟ್ಟಿಂಗಿನ ಮೊದಲ ಭಾಗ ಮುಗಿದಂತೆ.

ಇನ್ನೂ ಸೂಕ್ಷ್ಮವಾದದ್ದು ತೆಳು ಗೋಡೆಯ ಜಾಬುಗಳ ವಿಷಯ. ಉಂಗುರದಂಥ ಜಾಬನ್ನು ಮೂರು ಜಾಗಳು ಜೋರಾಗಿ ಒತ್ತಿದಾಗ ಅದು ಕಣ್ಣಿಗೆ ಕಾಣದಷ್ಟು ಸೊಟ್ಟಗಾಗಿರುತ್ತದೆ. ಆ ಸ್ಥಿತಿಯಲ್ಲೇ ಒಳಗಿನ ಬೋರ್ (ರಂಧ್ರ) ಕಡೆದರೆ ಚಕ್ಕಿನಲ್ಲಿರುವಾಗ ಬೋರ್ ದುಂಡಗಿರುತ್ತದೆ. ಚಕ್ ಬಿಚ್ಚಿದ ಕ್ಷಣ ಗೋಡೆ ಹಿಂದಕ್ಕೆ ಚಿಮ್ಮಿ ಬೋರ್ ಮೂರು ಮೂಲೆಯ ಆಕಾರ ಪಡೆಯುತ್ತದೆ. ಇಲ್ಲಿ ಬಹಳ ಜನ ತಿಳಿಯದ ಒಂದು ಸಂಗತಿಯಿದೆ. ಎರಡು ಬಿಂದುಗಳ ನಡುವೆ ಅಳೆಯುವ ಸಾಮಾನ್ಯ ಬೋರ್ ಗೇಜನ್ನು ಇಂಥ ಬೋರಿನಲ್ಲಿ ಯಾವ ದಿಕ್ಕಿಗೆ ತಿರುಗಿಸಿದರೂ ಹೆಚ್ಚುಕಡಿಮೆ ಒಂದೇ ಅಳತೆ ತೋರಿಸಬಹುದು, ಏಕೆಂದರೆ ಒಂದು ಉಬ್ಬಿನ ಎದುರಿಗೆ ಸರಿಯಾಗಿ ಒಂದು ತಗ್ಗು ಬಂದಿರುತ್ತದೆ. ಶೀಟಿನಲ್ಲಿ ಎಲ್ಲಾ ಅಳತೆಯೂ ಓಕೆ, ಗಿರಾಕಿಯ ಲೈನಿನಲ್ಲಿ ಮಾತ್ರ ಬೇರಿಂಗ್ ಕೂರುವುದಿಲ್ಲ. ಮೂರು ಬಿಂದುಗಳ ಇಂಟರ್ನಲ್ ಮೈಕ್ರೋಮೀಟರಿನಲ್ಲೋ ರೌಂಡ್‌ನೆಸ್ ಟೆಸ್ಟರಿನಲ್ಲೋ ನೋಡಿದರೆ ದೋಷ ಕಾಣುತ್ತದೆ. ಇದಕ್ಕೆ ಪರಿಹಾರವೂ ಸೆಟ್ಟರಿನ ಕೈಯಲ್ಲೇ ಇದೆ: ಜಾಬಿನ ಸುತ್ತಳತೆಯನ್ನು ಹೆಚ್ಚು ಆವರಿಸುವ ಅಗಲ ಜಾ ಹಾಕುವುದು, ಮೊದಲು ರಫ್ ಕಡೆದು, ಒತ್ತಡ ಇಳಿಸಿ ಮತ್ತೆ ಹಿಡಿದು, ಆಮೇಲೆ ಫಿನಿಷ್ ಕಟ್ ಕೊಡುವುದು.

ಅಳತೆಯ ವಿಷಯಕ್ಕೆ ಬಂದರೆ, 25 ಮಿ.ಮೀ. ವ್ಯಾಸದ ಶಾಫ್ಟಿಗೆ ನಕ್ಷೆಯಲ್ಲಿ ಎಚ್6 ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಅದು 24.987ರಿಂದ 25.000ರ ಒಳಗಿರಬೇಕು, ಅಂದರೆ ಒಟ್ಟು 0.013 ಮಿ.ಮೀ. ಅವಕಾಶ. ಅಳತೆಗೆ ಜಗತ್ತಿನಾದ್ಯಂತ ಒಪ್ಪಿಕೊಂಡ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ 0.001 ಮಿ.ಮೀ.) ಹಿಗ್ಗುತ್ತದೆ. ಆಗ ತಾನೇ ಕಡೆದ ಶಾಫ್ಟು ಮೈಕ್ರೋಮೀಟರಿಗಿಂತ 15 ಡಿಗ್ರಿ ಬಿಸಿಯಾಗಿದ್ದರೆ ಅದು ನಾಲ್ಕು ಮೈಕ್ರಾನಿಗಿಂತ ಹೆಚ್ಚು ದಪ್ಪ ತೋರಿಸುತ್ತದೆ. ನಮಗಿದ್ದ ಅವಕಾಶದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಇದನ್ನು ಅರಿತವನು ಜಾಬ್ ತಣಿಯಲು ಬಿಟ್ಟು ಅಳೆಯುತ್ತಾನೆ. ಅರಿಯದವನು ಬಿಸಿಯಲ್ಲೇ ಅಳೆದು, ಯಂತ್ರದಲ್ಲಿ ಟೂಲಿನ ಸ್ಥಾನ ತಿದ್ದುವ ಆಫ್‌ಸೆಟ್ ಕಡಿಮೆ ಮಾಡಿ, ಮಧ್ಯಾಹ್ನದ ಹೊತ್ತಿಗೆ ಒಂದು ಟ್ರೇ ಪೂರ್ತಿ ಅಂಡರ್‌ಸೈಜ್ (ಅಳತೆಗಿಂತ ಸಣ್ಣದು) ಮಾಡಿರುತ್ತಾನೆ, ಅದರ ಹೊಣೆಯನ್ನು ಯಂತ್ರದ ಮೇಲೆ ಹಾಕುತ್ತಾನೆ.

ಫೀಡಿನ (ಜಾಬ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲು ಎಷ್ಟು ಮಿ.ಮೀ. ಸರಿಯುತ್ತದೆ ಎಂಬುದರ) ಲೆಕ್ಕವೂ ಹೀಗೆಯೇ. ನಾವು ದಿನವೂ ಬಳಸುವ ಸಿಎನ್‌ಎಂಜಿ 120408 ಇನ್ಸರ್ಟಿನ (ಟೂಲಿನ ಬದಲಿಸಬಹುದಾದ ಮೊನೆಯ) ಕೊನೆಯ ಎರಡು ಅಂಕಿ ಮೂತಿಯ ತ್ರಿಜ್ಯವನ್ನು ಹೇಳುತ್ತವೆ, ಅಂದರೆ 0.8 ಮಿ.ಮೀ. ಫೀಡಿನ ವರ್ಗವನ್ನು ಆ ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ಮೇಲ್ಮೈ ಗೆರೆಗಳ ಎತ್ತರದ ಅಂದಾಜು ಸಿಗುತ್ತದೆ. 0.2 ಫೀಡಿಗೆ ಅದು ಸುಮಾರು 6.25 ಮೈಕ್ರಾನ್, 0.1 ಫೀಡಿಗೆ ಸುಮಾರು 1.56 ಮೈಕ್ರಾನ್. ಫೀಡ್ ಅರ್ಧವಾದರೆ ಗೆರೆಯ ಎತ್ತರ ಕಾಲುಭಾಗಕ್ಕೆ ಇಳಿಯುತ್ತದೆ, ಆದರೆ ಕಡೆಯುವ ಸಮಯ ದುಪ್ಪಟ್ಟಾಗುತ್ತದೆ. ನಯವೂ ಬೇಕು, ಸಮಯವೂ ಉಳಿಯಬೇಕು ಎನ್ನುವ ಮಾಲೀಕನ ಮುಂದೆ ಈ ಲೆಕ್ಕ ಇಟ್ಟು ಮಾತನಾಡಬಲ್ಲವನಿಗೆ ಮರ್ಯಾದೆ ತಾನಾಗಿ ಬರುತ್ತದೆ.

ಹಾಗಿದ್ದರೆ ನಮ್ಮ ಹುಡುಗರು ಈ ತಿಳಿವಳಿಕೆಯ ಕಡೆಗೆ ಏಕೆ ಹೋಗುತ್ತಿಲ್ಲ? ಅವರ ಸೋಮಾರಿತನ ಇದಕ್ಕೆ ಕಾರಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ದೊಡ್ಡ ಉತ್ಪಾದನಾ ಲೈನುಗಳಲ್ಲಿ ಒಂದು ಯಂತ್ರದಲ್ಲಿ ಒಂದೇ ಜಾಬ್ ತಿಂಗಳುಗಟ್ಟಲೆ ಓಡುತ್ತದೆ. ಸೆಟ್ಟಿಂಗ್ ಬದಲಾಗುವುದೇ ಅಪರೂಪ, ಬದಲಾದರೂ ಆಪರೇಟರ್ ಆಫ್‌ಸೆಟ್ ಪುಟ ಮುಟ್ಟಬಾರದು ಎಂದು ಬೀಗ ಹಾಕಿರುತ್ತಾರೆ. ಕಾಂಟ್ರಾಕ್ಟಿನ ಮೇಲೆ ಬಂದ ಹುಡುಗನಿಗೆ ಕಲಿಸಿದರೆ ಅವನು ಬಿಟ್ಟುಹೋಗುತ್ತಾನೆ ಎಂದು ಕಂಪನಿ ಭಾವಿಸುತ್ತದೆ. ಕಲಿಸುವುದಿಲ್ಲ ಎಂಬ ಕಾರಣಕ್ಕೇ ಅವನು ಬಿಟ್ಟುಹೋಗುತ್ತಾನೆ. ನಾನು ಹಿಂದೆ ದುಡಿದ ಒಂದು ಕಡೆ, ಎಂಟು ಹತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತು, ಕಾಂಟ್ರಾಕ್ಟರ್ ಬದಲಾದಾಗಲೆಲ್ಲ ಹೊಸಬನೆಂದು ಮತ್ತೆ ನಮೂದಾಗುತ್ತಿದ್ದವರನ್ನು ಕಣ್ಣಾರೆ ಕಂಡಿದ್ದೇನೆ. ಅವರ ಅನುಭವಕ್ಕೆ ಕಾಗದದಲ್ಲಿ ಬೆಲೆಯಿರಲಿಲ್ಲ. ಇಂಥ ಕಡೆ ಕೆಲಸ ಮಾಡುವವರು ಕನಿಷ್ಠ ತಮ್ಮ ಭವಿಷ್ಯ ನಿಧಿಯ ಯುಎಎನ್ ಸಂಖ್ಯೆಯಲ್ಲಿ ಪಿಎಫ್ ಹಣ ತಿಂಗಳು ತಿಂಗಳು ಜಮೆಯಾಗುತ್ತಿದೆಯೇ ಎಂದು ತಾವೇ ನೋಡಿಕೊಳ್ಳಬೇಕು. ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ದುಡಿತಕ್ಕೆ, ದುಪ್ಪಟ್ಟು ಕೂಲಿ ಎಂಬುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಇರುವ ನಿಯಮ ಎಂಬುದನ್ನೂ ತಿಳಿದಿರಬೇಕು.

ಇತ್ತೀಚೆಗೆ ನಮ್ಮೂರಿನ ಹುಡುಗನೊಬ್ಬ ಕೇಳಿದ: "ಮಾವ, ಜೂಜುವಾಡಿ ಹತ್ರ ಒಂದು ಕಂಪನೀಲಿ ಸಾವಿರ ರೂಪಾಯಿ ಜಾಸ್ತಿ ಕೊಡ್ತಾರಂತೆ, ಹೋಗ್ಬಿಡ್ಲಾ?"

"ಅಲ್ಲಿ ಸೆಟ್ಟಿಂಗ್ ಯಾರು ಮಾಡ್ತಾರೆ ಅಂತ ಕೇಳಿದ್ಯೇನಪ್ಪಾ?"

"ಅದನ್ನ ಯಾಕೆ ಮಾವ ಕೇಳ್ಬೇಕು?"

ಅವನಿಗೆ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೊದಲ ವರ್ಷಗಳಲ್ಲಿ ಕೆಲಸ ಆರಿಸುವಾಗ ಸಂಬಳಕ್ಕಿಂತ ಮುಂಚೆ ಮೂರು ವಿಷಯ ವಿಚಾರಿಸಬೇಕು: ವಾರಕ್ಕೆ ಎಷ್ಟು ಬಗೆಯ ಜಾಬ್ ಬರುತ್ತದೆ, ಸೆಟ್ಟಿಂಗ್ ಮಾಡುವಾಗ ಆಪರೇಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆಯೇ, ಅಳತೆಯ ಸಾಧನ ಆಪರೇಟರಿನ ಕೈಗೆ ಕೊಡುತ್ತಾರೆಯೇ ಅಥವಾ ಬರೀ ಸರಿ, ಸರಿಯಿಲ್ಲ ಎಂದಷ್ಟೇ ಹೇಳುವ ಗೋ, ನೋ-ಗೋ ಗೇಜು ಮಾತ್ರವೇ. ಹತ್ತು ಹದಿನೈದು ಜನರ ಜಾಬ್ ಶಾಪುಗಳಲ್ಲಿ ಕ್ಯಾಂಟೀನು, ಬಸ್ಸು ಇರುವುದಿಲ್ಲ, ಸಂಬಳವೂ ಕಡಿಮೆ; ಆದರೆ ಬೆಳಿಗ್ಗೆ ಇಪ್ಪತ್ತು ಪೀಸಿನ ಒಂದು ಜಾಬ್, ಮಧ್ಯಾಹ್ನ ಐವತ್ತು ಪೀಸಿನ ಇನ್ನೊಂದು ಜಾಬ್ ಬರುತ್ತದೆ, ಪ್ರತಿ ಸಲ ಜಾ ಬದಲಾಗುತ್ತದೆ, ಟೂಲ್ ಬದಲಾಗುತ್ತದೆ, ಪ್ರೋಗ್ರಾಂ ಬದಲಾಗುತ್ತದೆ. ಅಲ್ಲಿ ಎರಡು ಮೂರು ವರ್ಷ ನಿಂತವನು ಆಮೇಲೆ ದೊಡ್ಡ ಕಂಪನಿಗೆ ಸೆಟ್ಟರ್ ಆಗಿಯೇ ಹೋಗಬಲ್ಲ. ಮೊದಲೇ ದೊಡ್ಡ ಲೈನಿಗೆ ಹೋದವನು ಈ ದಾರಿಗೆ ಹಿಂದಿರುಗುವುದು ಕಷ್ಟ, ಏಕೆಂದರೆ ಅಷ್ಟರಲ್ಲಿ ಸಾಲದ ಕಂತು, ಮನೆ ಬಾಡಿಗೆ ಎಲ್ಲವೂ ಆ ಸಂಬಳಕ್ಕೆ ಹೊಂದಿಕೊಂಡಿರುತ್ತವೆ.

ಓದಿನ ವಿಷಯ. ಹತ್ತನೇ ತರಗತಿ ಮುಗಿಸಿದವರಿಗೆ ಐಟಿಐಯಲ್ಲಿ ಟರ್ನರ್, ಮೆಷಿನಿಸ್ಟ್, ಫಿಟ್ಟರ್ ಎಂಬ ಎರಡು ವರ್ಷದ ಟ್ರೇಡುಗಳಿವೆ. ಆಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯೊಂದರಲ್ಲಿ ತರಬೇತಿ ಮುಗಿಸಿ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಪಡೆಯಬಹುದು. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವಿರುವುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಟೂಲ್ ಅಂಡ್ ಡೈ (ಅಚ್ಚು ತಯಾರಿಸುವ) ಕೆಲಸದಲ್ಲಿ ಆಸಕ್ತಿಯಿದ್ದರೆ ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ ತರಬೇತಿ ಕೇಂದ್ರ ಇದೆ, ತಲಶ್ಶೇರಿಯ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿ ಈಗ ಬೆಂಗಳೂರಿನಲ್ಲೂ ಇರುವ ಎನ್‌ಟಿಟಿಎಫ್ ಇದೆ. ಗಡಿಯ ಈಚೆ ಇರುವ ನಾವು ವಾಸ್ತವ್ಯದ ನಿಯಮಗಳನ್ನು ಅರ್ಜಿ ಹಾಕುವ ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಮಕ್ಕಳಿಗೆ ತರಗತಿಯಲ್ಲಿ ತಮಿಳು, ಯಂತ್ರದ ಪರದೆಯ ಮೇಲೆ ಇಂಗ್ಲಿಷ್ ಎಂಬ ಅಳುಕು ಇರುತ್ತದೆ. ಅದು ಆರಂಭದ ಕೆಲವು ತಿಂಗಳ ಅಳುಕು ಮಾತ್ರ. ನಕ್ಷೆಯ ಬಹುಪಾಲು ಅಂಕಿಗಳಲ್ಲಿ, ಚಿಹ್ನೆಗಳಲ್ಲಿ ಇರುತ್ತದೆ, ಪ್ರೋಗ್ರಾಮಿನ ಜಿ71 ರಫಿಂಗ್ ಸೈಕಲ್ಲಾಗಲಿ ಜಿ76 ಥ್ರೆಡ್ಡಿಂಗ್ ಸೈಕಲ್ಲಾಗಲಿ ಎಲ್ಲರಿಗೂ ಸಮಾನವಾಗಿ ಹೊಸತು. ಅಟ್ಟಿಬೆಲೆ ದಾಟಿ ಬೊಮ್ಮಸಂದ್ರಕ್ಕೆ ಹೋದರೆ ಕನ್ನಡವೇ ಆಸರೆಯಾಗುತ್ತದೆ, ಹೊಸೂರಿನಲ್ಲಿ ತಮಿಳು, ತೆಲುಗು ಎರಡೂ ಬಲ್ಲವರು ನಾವು. ಗಿರಾಕಿ, ಸಪ್ಲೈಯರು, ಕೆಲಸಗಾರ ಮೂವರ ಹತ್ತಿರವೂ ಅವರವರ ಭಾಷೆಯಲ್ಲಿ ಮಾತನಾಡಬಲ್ಲ ಸೂಪರ್‌ವೈಸರಿಗೆ ಈ ರಸ್ತೆಯುದ್ದಕ್ಕೂ ಬೇಡಿಕೆಯಿದೆ.

ಸೆಟ್ಟರ್ ಆದ ಮೇಲೆ ದಾರಿಗಳು ಕವಲೊಡೆಯುತ್ತವೆ. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ತಯಾರಿಸುವ ಕ್ಯಾಮ್ ಕಲಿತು ಪ್ರೋಗ್ರಾಮರ್ ಆಗಬಹುದು, ಅಳತೆಯ ಕಡೆ ಒಲವಿದ್ದರೆ ಜಾಬ್ ಅಳೆಯುವ ಸಿಎಂಎಂ ಯಂತ್ರ ಕಲಿತು ಕ್ವಾಲಿಟಿಗೆ ಹೋಗಬಹುದು, ಯಂತ್ರ ತಯಾರಿಸುವ ಕಂಪನಿಗಳಲ್ಲಿ ಅಪ್ಲಿಕೇಶನ್ ಅಥವಾ ಸರ್ವಿಸ್ ವಿಭಾಗ ಸೇರಿ ಊರೂರು ಸುತ್ತಬಹುದು, ಇನ್ಸರ್ಟ್ ಮಾರುವ ಕಂಪನಿಗಳ ತಾಂತ್ರಿಕ ಪ್ರತಿನಿಧಿಯಾಗಬಹುದು, ಐಟಿಐ ಶಿಕ್ಷಕರ ತರಬೇತಿ ಪಡೆದು ಕಲಿಸಲೂ ಹೋಗಬಹುದು. ಇವೆಲ್ಲದರಲ್ಲೂ ಯಂತ್ರದ ಮುಂದೆ ನಿಂತು ಬಂದವನ ಮಾತಿಗೆ ತೂಕ ಹೆಚ್ಚು.

ದೇಹದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ತಿರುಗುವ ಜಾಬಿನ ಹತ್ತಿರ ಕೈಗವಸು ಹಾಕಿ ಕೈ ಇಡಬಾರದು. ಬರಿಗೈಯಾದರೆ ಗಾಯವಾಗಬಹುದು, ಗವಸು ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಉದ್ದನೆಯ ಚಿಪ್ಸನ್ನು ಯಂತ್ರ ನಿಲ್ಲಿಸಿ ಕೊಕ್ಕೆಯಿಂದಲೇ ಎಳೆಯಬೇಕು. ಮೈ ಮೇಲಿನ ಧೂಳು ತೆಗೆಯಲು ಕಂಪ್ರೆಸರ್ ಗಾಳಿ ಹಿಡಿಯುವ ಅಭ್ಯಾಸ ಬಹಳ ಅಪಾಯಕಾರಿ. ಟೂಲು ತಣಿಸುವ ಕೂಲಂಟ್ ದ್ರವದಲ್ಲಿ ದಿನವಿಡೀ ನೆನೆದ ಬೆರಳುಗಳ ಸಂದಿಯಲ್ಲಿ ಚರ್ಮ ಒಡೆದರೆ ಅದನ್ನು ಅಸಡ್ಡೆ ಮಾಡದೆ ಇಎಸ್‌ಐ ಆಸ್ಪತ್ರೆಯಲ್ಲಿ ತೋರಿಸಬೇಕು.

ಈಗ ಎಲ್ಲರೂ ಕೇಳುವ ಪ್ರಶ್ನೆ ವಿದ್ಯುತ್ ವಾಹನದ್ದು. ಹೊಸೂರಿನಲ್ಲಿ ಏಥರ್, ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಓಲಾ ಸ್ಕೂಟರ್ ಕಾರ್ಖಾನೆಗಳು ಬಂದಿವೆ. ವಿದ್ಯುತ್ ಸ್ಕೂಟರಿಗೆ ಕ್ರ್ಯಾಂಕ್‌ಶಾಫ್ಟ್, ಕ್ಯಾಮ್‌ಶಾಫ್ಟ್, ಕನೆಕ್ಟಿಂಗ್ ರಾಡ್, ಸಿಲಿಂಡರ್ ಹೆಡ್ ಬೇಕಿಲ್ಲ. ಇವನ್ನಷ್ಟೇ ನಂಬಿದ ಶೆಡ್ಡುಗಳಿಗೆ ಮುಂದಿನ ವರ್ಷಗಳು ಕಠಿಣವೇ ಆಗಲಿವೆ, ಇದನ್ನು ಮುಚ್ಚಿಟ್ಟು ಮಾತನಾಡುವುದು ಸರಿಯಲ್ಲ. ಆದರೆ ಮೋಟರಿನ ಶಾಫ್ಟು, ಬೇರಿಂಗ್ ಕೂರುವ ಅಲ್ಯೂಮಿನಿಯಂ ಹೌಸಿಂಗು, ಗೇರುಗಳು ಅಲ್ಲೂ ಬೇಕು. ಹೊಸೂರಿನ ಹತ್ತಿರದ ಟಾಟಾ ಎಲೆಕ್ಟ್ರಾನಿಕ್ಸ್‌ನಲ್ಲಿ ಐಫೋನಿನ ಹೊರಕವಚ ತಯಾರಾಗುತ್ತಿದೆ, ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಈ ಕಸುಬು ಗಂಡಸರದ್ದೆಂದು ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ ನಂಬಿದ್ದರು. ಹತ್ತನೇ ತರಗತಿ ಮುಗಿಸಿದ ಹೆಣ್ಣುಮಕ್ಕಳ ತಂದೆತಾಯಿಯರು ಮೆಷಿನಿಸ್ಟ್ ಟ್ರೇಡಿನ ಬಗ್ಗೆಯೂ ಯೋಚಿಸಬೇಕೆಂದು ನಾನು ಮನಃಪೂರ್ವಕ ಕೇಳಿಕೊಳ್ಳುತ್ತೇನೆ.

ಕೊನೆಗೆ ಸ್ವಂತ ಶೆಡ್ಡಿನ ವಿಷಯ, ಏಕೆಂದರೆ ಒಳ್ಳೆಯ ಸೆಟ್ಟರ್ ಆದ ಪ್ರತಿಯೊಬ್ಬರ ಮನಸ್ಸಿನಲ್ಲೂ ಆ ಆಸೆ ಇರುತ್ತದೆ. ಹಳೆಯ ಸಿಎನ್‌ಸಿ ಲೇತ್ ಕೊಳ್ಳುವ ಹಣವನ್ನು ಹೇಗೋ ಹೊಂದಿಸುತ್ತಾರೆ, ಮೂರು ಫೇಸ್ ಕರೆಂಟು, ಸ್ಟೆಬಿಲೈಜರ್, ಕಂಪ್ರೆಸರ್ ಕೂಡ ಬರುತ್ತವೆ. ಜಾರುವುದು ರೇಟು ಹೇಳುವಾಗ. ಪರದೆಯಲ್ಲಿ ತೋರುವ ಸೈಕಲ್ ಸಮಯಕ್ಕೆ ಮಾತ್ರ ಲೆಕ್ಕ ಹಾಕಿ, ಜಾಬ್ ಇಳಿಸಿ ಹಾಕುವ ಸಮಯ, ಇನ್ಸರ್ಟ್ ತಿರುಗಿಸುವ ಸಮಯ, ಮೊದಲ ಪೀಸಿನ ತಪಾಸಣೆ, ಸೆಟ್ಟಿಂಗಿನ ಗಂಟೆಗಳು, ರಿಜೆಕ್ಷನ್, ಕರೆಂಟು ಹೋದ ಹೊತ್ತು ಇವುಗಳನ್ನು ಬಿಟ್ಟುಬಿಡುತ್ತಾರೆ. ಯಂತ್ರ ಹಗಲಿರುಳು ಓಡಿದರೂ ಕಂತು ಕಟ್ಟಲು ಸಾಲುವುದಿಲ್ಲ. ಎರಡನೆಯದು ಬಿಲ್ಲಿನ ಹಣ. ಯಂತ್ರ ಕೊಳ್ಳುವ ಮುಂಚೆ ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿ, ಆರ್ಡರನ್ನು ಬರಹದಲ್ಲೇ ಪಡೆಯಿರಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಗಿರಾಕಿ 45 ದಿನಕ್ಕಿಂತ ಹೆಚ್ಚು ಹಣ ತಡೆಹಿಡಿಯುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕಾಗುತ್ತದೆ, ಸರ್ಕಾರದ ಆನ್‌ಲೈನ್ ಪೋರ್ಟಲಿನಲ್ಲಿ ದೂರು ಕೊಡಲು ಅವಕಾಶವಿದೆ. ಒಬ್ಬನೇ ಗಿರಾಕಿಯಿರುವ ಶೆಡ್ಡಿನ ಮಾಲೀಕ ಈ ದೂರು ಕೊಡಲು ಧೈರ್ಯ ಮಾಡಲಾರ. ಆದ್ದರಿಂದ ಮೊದಲ ಯಂತ್ರ ಬರುವ ಮುಂಚೆಯೇ ಕನಿಷ್ಠ ಇಬ್ಬರು ಮೂವರು ಗಿರಾಕಿಗಳ ಕೆಲಸ ಕೈಯಲ್ಲಿರುವಂತೆ ನೋಡಿಕೊಳ್ಳಬೇಕು, ಅವರೆಲ್ಲರೂ ಒಂದೇ ದೊಡ್ಡ ಕಾರ್ಖಾನೆಗೆ ಮಾಲು ಕೊಡುವವರಾಗಿರದಂತೆಯೂ ಎಚ್ಚರ ವಹಿಸಬೇಕು.